ಕೇದಗೆಯವಳ ಸ್ಟೂಲು

ಹೂವು ಮುಡಿಯುವುದನ್ನು ಬಿಟ್ಟರೆ ಕೆಲಸ ಖಾಯಂ ಆಗಬಹುದು ಅಂದರು. ಬಿಟ್ಟೆ.

ಈಗಿನ ಹುಡುಗಿಯರಿಗೆ ಇದೊಂದು ವಿಷಯವೇ ಅಲ್ಲ. ಎಪ್ಪತ್ತರ ದಶಕದ ಹೊಸಹಳ್ಳಿಯಲ್ಲಿ ಗಂಡ ಇರುವ ಹೆಂಗಸು ಬರೀ ತಲೆಯಲ್ಲಿ ಬೀದಿಗೆ ಇಳಿದರೆ ಎದುರು ಬಂದವರ ಕಣ್ಣು ಮೊದಲು ಅವಳ ಕೊರಳಿಗೆ ಹೋಗುತ್ತಿತ್ತು, ತಾಳಿ ಇದೆಯೋ ಇಲ್ಲವೋ ನೋಡಲು. ಇದ್ದರೆ ಅವರಿಗೆ ಇನ್ನೂ ಕಸಿವಿಸಿ. ನಾನು ಹಾಗೆ ತಿರುಗಿದವಳು. ಯಾಕೆ ತಿರುಗಿದೆ ಅಂತ ಬರೆಯುತ್ತಿದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ವಿಷಯ ತಿದ್ದುವುದಕ್ಕೆ ಅವಳಿಗೆ ಬಿಟ್ಟಿಲ್ಲ.

ನಾನು ಕೆಲಸ ಮಾಡುತ್ತಿದ್ದದ್ದು ರಾಜಾಜಿನಗರದಲ್ಲಿ, ಕಾರ್ಖಾನೆಗಳ ಸಾಲಿನ ಹಿಂದೆ ಇದ್ದ ಒಂದು ಊದುಬತ್ತಿ ಶೆಡ್ಡಿನಲ್ಲಿ. ಮೇಲೆ ಶೀಟು, ಕೆಳಗೆ ಸಿಮೆಂಟು ನೆಲ. ನೆಲದ ಮೇಲೆ ಹೆಂಗಸರ ಸಾಲು, ಒಬ್ಬೊಬ್ಬಳ ಮುಂದೆ ಒಂದೊಂದು ಮಣೆ. ಇದ್ದಿಲ ಪುಡಿ, ಜಿಗಟು, ಮರದ ಪುಡಿ ಹಾಕಿ ಕಲಸಿದ ಕಪ್ಪು ಹಿಟ್ಟನ್ನು ಬಿದಿರ ಕಡ್ಡಿಗೆ ಹಚ್ಚಿ ಅಂಗೈಯಲ್ಲಿ ಹೊಸೆಯಬೇಕು. ಬೆಳಿಗ್ಗೆ ಕೂತವರು ಸಂಜೆ ಏಳುವ ಹೊತ್ತಿಗೆ ಸೊಂಟ ನಮ್ಮದಲ್ಲ. ಹೊಸೆದಷ್ಟಕ್ಕೆ ಕೂಲಿ. ಮಳೆ ಹಿಡಿದರೆ ಕಡ್ಡಿ ಒಣಗುವುದಿಲ್ಲ. ಕಡ್ಡಿ ಒಣಗದಿದ್ದರೆ ನಾಳೆ ಬರಬೇಡಿ ಅನ್ನುತ್ತಿದ್ದರು.

ನಾವು ಹೊಸೆದ ಕಡ್ಡಿಗೆ ವಾಸನೆ ಇರುವುದಿಲ್ಲ. ಹಚ್ಚಿದರೆ ಒಲೆಯ ಹೊಗೆ, ಅಷ್ಟೆ. ಶೆಡ್ಡಿನ ಮೂಲೆಯಲ್ಲಿ ಕಿಟಕಿ ಇಲ್ಲದ ಒಂದು ಕೋಣೆ ಇತ್ತು. ಅದನ್ನು ಸೆಂಟು ರೂಮು ಅನ್ನುತ್ತಿದ್ದರು. ಒಣಗಿದ ಕಡ್ಡಿಯ ಕಟ್ಟುಗಳನ್ನು ಅಲ್ಲಿ ಎಣ್ಣೆಗೆ ಸೆಂಟು ಬೆರೆಸಿದ ತೊಟ್ಟಿಯಲ್ಲಿ ಅದ್ದಿ ತೆಗೆದರೆ ಕಡ್ಡಿಗೆ ಮಲ್ಲಿಗೆ, ಗಂಧ, ಕೇದಗೆ ಅಂತ ಹೆಸರು ಬರುತ್ತಿತ್ತು. ಆ ಕೋಣೆಯಲ್ಲಿ ಇರುವವಳು ಒಬ್ಬಳೇ. ಮಳೆಯಾದರೂ ಬಿಸಿಲಾದರೂ ಅವಳಿಗೆ ತಿಂಗಳ ಸಂಬಳ. ಅವಳು ನೆಲದ ಮೇಲೆ ಕೂರುತ್ತಿರಲಿಲ್ಲ. ಅವಳಿಗೆ ಒಂದು ಸ್ಟೂಲು ಇತ್ತು.

ನನಗೆ ಆ ಸ್ಟೂಲು ಬೇಕಿತ್ತು. ನಮ್ಮ ರಾಗಿ ಹೊಲ ವಿಜಯನಗರದ ಲೇಔಟಿಗೆ ಹೋಗಿತ್ತು. ಉಳುವುದು ಬಿಟ್ಟು ಬೇರೆ ಏನೂ ಬಾರದ ನನ್ನ ಗಂಡ ಇನ್ನೊಬ್ಬರು ಮನೆ ಕಟ್ಟುವ ಕಡೆ ಕಲ್ಲು ಹೊರುತ್ತಿದ್ದ. ಮನಸ್ಸಿಲ್ಲದ ದಿನ ಅದನ್ನೂ ಹೊರುತ್ತಿರಲಿಲ್ಲ. ಮನೆಯಲ್ಲಿ ಮಕ್ಕಳು, ಅತ್ತೆ. ಮಳೆಗಾಲ ಬಂತು ಅಂದರೆ ನಾಳೆಯ ಹಿಟ್ಟಿಗೆ ಏನು ಅನ್ನುವ ಭಯ. ಸ್ಟೂಲಿನ ಮೇಲೆ ಕೂತವಳಿಗೆ ಆ ಭಯ ಇಲ್ಲ ಅನ್ನುವುದು ಒಂದೇ ನನಗೆ ಕಾಣುತ್ತಿದ್ದದ್ದು.

ಆ ಸ್ಟೂಲಿನ ಮೇಲೆ ಕೂತಿದ್ದವಳನ್ನು ಎಲ್ಲರೂ ಕೇದಗೆಯವಳು ಅನ್ನುತ್ತಿದ್ದರು. ಅವಳು ಅದ್ದಿದ ಕೇದಗೆ ಕಡ್ಡಿಯನ್ನು ಪೇಟೆಯ ವರ್ತಕರು ಕೇಳಿ ಕೇಳಿ ಒಯ್ಯುತ್ತಿದ್ದರು. ಗಂಡ ಇದ್ದವಳೇ. ಆದರೂ ತಲೆಯಲ್ಲಿ ಹೂವಿಲ್ಲ, ಕೆನ್ನೆಗೆ ಅರಿಶಿನವಿಲ್ಲ, ಕೂದಲಿಗೆ ಎಣ್ಣೆ ಇಲ್ಲ. ತೊಳೆದು ಬೋರಲು ಹಾಕಿದ ತಟ್ಟೆಯ ಹಾಗೆ ಇರುತ್ತಿತ್ತು ಮುಖ. ಮಾತು ಕಡಿಮೆ. ಅವಳು ಗೇಟಿನ ಹತ್ತಿರ ಇರುವಾಗಲೇ ಒಳಗೆ ಕೂತ ನಮಗೆ ಗೊತ್ತಾಗುತ್ತಿತ್ತು. ಮೊದಲು ವಾಸನೆ ಬಂದು ಸಾಲುಗಳ ಮಧ್ಯೆ ಹಾದು ಹೋಗುತ್ತಿತ್ತು. ಅವಳು ಆಮೇಲೆ ಬರುತ್ತಿದ್ದಳು.

ಆಷಾಢದಲ್ಲಿ ಕಾಮಾಲೆ ಬಂದು ಸತ್ತಳು. ಕೋಣೆಗೆ ಬೀಗ ಬಿತ್ತು.

ಅದಾದ ಮೇಲೂ ಕೆಲವು ಬೆಳಿಗ್ಗೆ ಶೆಡ್ಡಿನಲ್ಲಿ ಕೇದಗೆ ವಾಸನೆ ಬರುತ್ತಿತ್ತು. ಬಂದು ಸಾಲುಗಳ ಮಧ್ಯೆ ಹಾದು ಮೂಲೆಯ ಕಡೆ ಹೋಗುತ್ತಿತ್ತು. ಒಂದು ದಿನ ನನ್ನ ಪಕ್ಕದ ಮಣೆಯವಳು ತಲೆ ಎತ್ತದೆ ಅಂದಳು, "ಬಂದ್ಲು ನೋಡು."

"ಒಳಗಿರೋ ಡಬ್ಬದ ವಾಸನೆ ಕಣೇ. ಬಿಸಿಲಿಗೆ ಹೊರಗೆ ಬರುತ್ತೆ," ಅಂದೆ ನಾನು.

"ಬಿಸಿಲೆಲ್ಲಿದೆ? ಹೊರಗೆ ಮೋಡ ಹಾಕ್ಕೊಂಡು ಕೂತಿದೆ."

"ಅಂಗಾದ್ರೆ ಮೋಡದ ವಾಸನೆ. ಹೊಸಿ ಸುಮ್ನೆ."

"ನೀನು ನಗು. ನಮ್ಮ ಕಡೆ ಆದ್ರೆ ಮಲಗಿಸ್ತೀವಿ. ಅವರ ಕಡೆ ಕೂರಿಸಿ ಮಣ್ಣು ಮಾಡ್ತಾರೆ. ಕೂತೋಳಿಗೆ ಎದ್ದು ಬರೋದು ಏನು ಕಷ್ಟ?"

ಸಾಲಿನಲ್ಲಿ ಒಂದಿಬ್ಬರು ನಕ್ಕರು. ನಗು ಬೇಗ ನಿಂತಿತು. ಆ ಹೊತ್ತಿಗೆ ವಾಸನೆ ಮೂಲೆಗೆ ಹೋಗಿತ್ತು.

ಶೆಡ್ಡು ನೋಡಿಕೊಳ್ಳುತ್ತಿದ್ದವರು ಮಾಲೀಕರ ಹೆಂಡತಿ. ನಾವೆಲ್ಲ ಅವರನ್ನು ಅಮ್ಮಾವ್ರು ಅನ್ನುತ್ತಿದ್ದೆವು. ಶ್ರಾವಣದಲ್ಲಿ ಒಂದು ದಿನ ಬಂದು ಸಾಲಿನ ಮುಂದೆ ನಿಂತರು. ದಸರಾಕ್ಕೆ ಪೇಟೆಯವರು ಕೇದಗೆ ಕೇಳುತ್ತಿದ್ದಾರೆ, ಸೆಂಟು ರೂಮಿನಲ್ಲಿ ಕೂರುವವರು ಯಾರು ಅಂತ ಕೇಳಿದರು. ಎಲ್ಲರೂ ಮಣೆ ನೋಡಿದರು. ಇಷ್ಟು ದಿನ ಆ ಸ್ಟೂಲಿಗೆ ಆಸೆಪಟ್ಟವರು ನಾನೊಬ್ಬಳೇ ಅಲ್ಲ.

"ನಾನು ಕೂರ್ತೀನಿ ಅಮ್ಮಾವ್ರೇ," ಅಂದೆ.

"ಹೆದರಿಕೆ ಇಲ್ವಾ ನಿಂಗೆ?"

"ಸೊಂಟ ಬಿದ್ದೋಗೋ ಹೆದರಿಕೆ ಇದೆ. ಬೇರೆ ಇಲ್ಲ."

ಅಮ್ಮಾವ್ರು ನಗಲಿಲ್ಲ. ಪಕ್ಕಕ್ಕೆ ಕರೆದುಕೊಂಡು ಹೋಗಿ ಷರತ್ತು ಹೇಳಿದರು. "ಹೂವು ಮುಡಿಯಂಗಿಲ್ಲ. ಅರಿಶಿನ ಇಲ್ಲ, ತಲೆಗೆ ಎಣ್ಣೆ ಇಲ್ಲ. ಬುತ್ತೀಲಿ ಈರುಳ್ಳಿ, ಬೆಳ್ಳುಳ್ಳಿ, ಇಂಗು ಇಲ್ಲ. ಇವೆಲ್ಲ ಇದ್ರೆ ಮೂಗು ಸುಳ್ಳು ಹೇಳುತ್ತೆ. ಕೇದಗೆ ಅವಳು ಮಾಡ್ತಿದ್ದ ಥರಾನೇ ಬರ್ಬೇಕು. ಪೇಟೆಯವರು ಆಯುಧಪೂಜೆಗೆ ಮುಂಚೆ ಬಂದು ಒಂದು ಕಡ್ಡಿ ಹಚ್ಚಿ ನೋಡ್ತಾರೆ. ಅವರು ಹೂಂ ಅಂದ್ರೆ ನೀನು ಖಾಯಂ."

"ಊಹೂಂ ಅಂದ್ರೆ ಮಣೆಗೆ ವಾಪಸ್ಸು."

"ಮಣೆ ಖಾಲಿ ಇರಲ್ಲ. ನಿನ್ನ ಜಾಗಕ್ಕೆ ನಾಳೇನೇ ಬೇರೆಯವಳು ಬರ್ತಾಳೆ."

ಮೇಲೆ ಹೋದರೆ ಸ್ಟೂಲು, ಬಿದ್ದರೆ ನೆಲವೂ ಇಲ್ಲ. ಒಪ್ಪಿಕೊಂಡೆ.

ಮಾರನೇ ಬೆಳಿಗ್ಗೆ ನಾನು ಬರೀ ತಲೆ ಬಾಚಿ ಹೊರಟಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ನನ್ನ ಮಗ ಸತ್ತನೇನೇ?"

"ಇನ್ನೂ ಇಲ್ಲ," ಅಂದೆ.

ಜಗುಲಿಯ ಮೇಲೆ ಮಲಗಿದ್ದ ಗಂಡ ಮುಸುಕು ತೆಗೆಯದೆ, "ಇಲ್ಲೇ ಇದೀನಿ ಕಣವ್ವ. ಸಂಬಳ ಬರೋವರ್ಗೂ ಸತ್ತಿದೀನಿ ಅಂದ್ಕೊ," ಅಂದ. ಅತ್ತೆ ಅವನಿಗೂ ಬೈದರು, ನನಗೂ ಬೈದರು. ಕಡೆಗೆ ಕುಂಕುಮದ ಬಟ್ಟಲು ತಂದು ಹಣೆಗೆ ಅಗಲವಾಗಿ ಹಚ್ಚಿ ಕಳಿಸಿದರು. ಕುಂಕುಮಕ್ಕೆ ಅಮ್ಮಾವ್ರು ಬೇಡ ಅಂದಿರಲಿಲ್ಲ.

ಕೋಣೆಯಲ್ಲಿ ಎಲ್ಲ ಅವಳು ಬಿಟ್ಟ ಹಾಗೇ ಇತ್ತು. ಸೀರೆ ಕೆಡದಂತೆ ಮೇಲೆ ಸುತ್ತಿಕೊಳ್ಳುವ ಬಟ್ಟೆ ಮೊಳೆಯಲ್ಲಿ ನೇತಾಡುತ್ತಿತ್ತು. ಸ್ಟೂಲು ಗೋಡೆಯ ಪಕ್ಕ. ಅವಳು ಒರಗಿ ಒರಗಿ ಗೋಡೆಯ ಸುಣ್ಣ ಅವಳ ಬೆನ್ನಿನ ಅಗಲಕ್ಕೆ ಎದ್ದು ಹೋಗಿತ್ತು. ನಾನು ಕೂತೆ. ನನ್ನ ಬೆನ್ನು ಆ ಗುರುತಿನೊಳಗೆ ಅಳತೆ ತೆಗೆದ ಹಾಗೆ ಕೂತಿತು. ನಾನು ಅವಳಿಗಿಂತ ಕುಳ್ಳಿ. ಹೇಗೆ ಕೂತಿತೋ ಗೊತ್ತಿಲ್ಲ.

ಅಳತೆ ಅಮ್ಮಾವ್ರು ಕಲಿಸಿದರು. ಇಷ್ಟು ಎಣ್ಣೆಗೆ ಇಷ್ಟು ಕೇದಗೆ, ಇಷ್ಟು ಗಂಧ, ಇನ್ನೊಂದೆರಡು ಶೀಶೆಗಳಿಂದ ತೊಟ್ಟು ತೊಟ್ಟು. ಆದರೆ ಒಂದು ಡಬ್ಬದ ಕೇದಗೆ ಇನ್ನೊಂದು ಡಬ್ಬದ ಹಾಗಿರುವುದಿಲ್ಲ. ಒಂದು ಗಡುಸು, ಒಂದು ನೀರು. ಅಳತೆ ಒಂದೇ ಇಟ್ಟರೂ ಇವತ್ತಿನದು ನಿನ್ನೆಯದಾಗುವುದಿಲ್ಲ. ಕಡೆಗೆ ಮೂಗೇ ಹೇಳಬೇಕು. ನನ್ನ ಮೂಗು ಚೆನ್ನಾಗಿತ್ತು. ಮೊದಲು ಕೆಲವು ವಾರ ಎಲ್ಲ ಸರಿಯಾಗಿ ಹೇಳಿತು.

ನಾನು ಹೊರಗೆ ಬಂದಾಗ ಸಾಲಿನಲ್ಲಿ ಮಾತು ನಿಲ್ಲತೊಡಗಿತು. ಪಕ್ಕದ ಮಣೆಯವಳ ಹತ್ತಿರ ಹೋಗಿ ಯಾಕೆ ಅಂತ ಕೇಳಿದೆ. ಅವಳು ಹೊಸೆಯುತ್ತಲೇ ಹೇಳಿದಳು.

"ಮೊದಲು ವಾಸನೆ ಬರುತ್ತೆ, ಆಮೇಲೆ ನೀನು ಬರ್ತೀಯ. ಮಧ್ಯ ಒಂಚೂರು ಹೊತ್ತು ಇರುತ್ತಲ್ಲ, ಆಗ ಯಾರೋ ಬಂದ ಹಂಗಾಗುತ್ತೆ."

"ನಾನೇ ತಾನೆ?"

"ನೀನು ಆಮೇಲೆ ಬರ್ತೀಯಲ್ಲ."

ಮನೆಗೆ ಹೋಗುವ ದಾರಿ ಮಾಗಡಿ ರಸ್ತೆ ದಾಟಿ ಲೇಔಟಿನ ಒಳಗೆ. ಲೇಔಟು ಅನ್ನುವುದು ಹೆಸರಿಗೆ. ಸೈಟಿನ ಕಲ್ಲುಗಳು ಸಾಲಾಗಿ ನಿಂತಿದ್ದವು, ಮನೆಗಳು ಅಲ್ಲೊಂದು ಇಲ್ಲೊಂದು. ದೀಪದ ಕಂಬ ನೆಟ್ಟಿದ್ದರು, ತಂತಿ ಎಳೆದಿರಲಿಲ್ಲ. ಸಂಜೆ ಮಬ್ಬಿನಲ್ಲಿ ಆ ಕಲ್ಲುಗಳು ಕುಕ್ಕರುಗಾಲಲ್ಲಿ ಕೂತವರ ಹಾಗೆ ಕಾಣುತ್ತಿದ್ದವು. ನಮ್ಮ ಹೊಲ ಎಲ್ಲಿತ್ತು ಅಂತ ನನಗೇ ಗುರುತು ಸಿಗುತ್ತಿರಲಿಲ್ಲ.

ಲೇಔಟು ಮುಗಿದು ಹಳೇ ಮನೆಗಳ ಸಾಲು ಶುರುವಾಗುವ ಕಡೆ ಒಂದು ಚಿಕ್ಕ ಮನೆ. ಅದರ ಹೊಸಲಿನ ಮೇಲೆ ಒಬ್ಬಳು ಮುದುಕಿ ಕೂತಿರುತ್ತಿದ್ದಳು. ಹಣೆ ತುಂಬ ವಿಭೂತಿ. ಕಣ್ಣು ಎರಡೂ ಬೆಳ್ಳಗಾಗಿದ್ದವು, ಏನೂ ಕಾಣುತ್ತಿರಲಿಲ್ಲ. ಸೆಂಟು ರೂಮಿಗೆ ಸೇರಿದ ಕೆಲವೇ ದಿನಕ್ಕೆ ಒಂದು ಸಂಜೆ ನಾನು ಹಾದು ಹೋಗುತ್ತಿದ್ದಾಗ ಅವಳು ಮುಖ ಎತ್ತಿ, "ಬಂದ್ಯಾ?" ಅಂದಳು.

ನಾನು ನಿಂತೆ. "ಯಾರನ್ನ ಕೇಳ್ತಿದೀರ ಅಜ್ಜಿ?"

"ದನಿ ಬೇರೆ ಐತಲ್ಲ."

"ಮನುಷ್ಯಳೇ ಬೇರೆ. ಯಾರು ಅಂದ್ಕೊಂಡ್ರಿ?"

"ನನ್ನ ಸೊಸೆ. ಊದುಬತ್ತಿ ಶೆಡ್ಡಿನೋಳು."

ಕೇದಗೆಯವಳ ಮನೆ ಇದು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. "ನಿಮ್ಮ ಸೊಸೆ ತೀರ್ಕೊಂಡ್ರಲ್ಲ ಅಜ್ಜಿ. ನಾನು ಅವರ ಜಾಗಕ್ಕೆ ಬಂದೋಳು."

"ತೀರ್ಕೊಂಡಿದ್ದು ನಂಗೊತ್ತಿಲ್ವಾ? ನಾನೇ ನೀರು ಹುಯ್ದಿದ್ದು." ಮುದುಕಿ ಸ್ವಲ್ಪ ಹೊತ್ತು ಗಾಳಿ ಎಳೆದುಕೊಂಡಳು. "ಅಂಗಾದ್ರೆ ಅವಳು ಹಿಂದೆ ಬರ್ತಾವ್ಳೆ. ನೀನು ಹೋಗವ್ವ."

ನಾನು ತಿರುಗಿ ನೋಡಿದೆ. ಕಲ್ಲುಗಳು ಇದ್ದವು. ಬೇರೆ ಯಾರೂ ಇರಲಿಲ್ಲ.

ಮನೆ ಸೇರುವಷ್ಟರಲ್ಲಿ ನನಗೆ ಅರ್ಥವಾಯಿತು. ಆ ಸಾಲಿನ ಮನೆಯವರು ಸಂಜೆ ಬೇಗ ಬಾಗಿಲು ಹಾಕಿಕೊಳ್ಳುತ್ತಿದ್ದರು, ಸತ್ತವಳು ದಿನಾ ಮನೆಗೆ ಬರುತ್ತಾಳೆ ಅಂತ ಮಾತಿತ್ತು. ಬರುತ್ತಿದ್ದವಳು ನಾನು. ಅವಳ ಕೋಣೆ, ಅವಳ ಬಟ್ಟೆ, ಅವಳ ವಾಸನೆ, ಅವಳ ದಾರಿ. ದೆವ್ವ ನಾನೇ. ಆ ರಾತ್ರಿ ರಾಗಿ ಮುದ್ದೆ ತಿರುವುತ್ತಾ ಒಬ್ಬಳೇ ನಕ್ಕೆ. ಅತ್ತೆ ಅನುಮಾನದಿಂದ ನೋಡಿದರು.

ಆಮೇಲೆ ದಿನಾ ಅಜ್ಜಿಗೆ ಒಂದು ಮಾತು ಹೇಳಿ ಹೋಗುತ್ತಿದ್ದೆ. ಅವಳ ಮಗ ಲಾರಿ ಮೇಲೆ ಹೋದರೆ ಎಷ್ಟೋ ದಿನ ಬರುತ್ತಿರಲಿಲ್ಲ. ಪಕ್ಕದ ಮನೆಯವರು ಅನ್ನ ಇಟ್ಟು ಹೋಗುತ್ತಿದ್ದರು.

ಗೌರಿ ಹಬ್ಬ ಬಂತು. ಅರಿಶಿನ ಕುಂಕುಮಕ್ಕೆ ಕರೆಯಲು ಹೊರಟ ಹೆಂಗಸರು ನಮ್ಮ ಬಾಗಿಲು ದಾಟಿ ಮುಂದಿನ ಮನೆಗೆ ಹೋದರು. ಕರೆದರೆ ನಾನು ಅರಿಶಿನ ಹಚ್ಚಿಸಿಕೊಳ್ಳುವ ಹಾಗಿರಲಿಲ್ಲ, ಸರಿ. ಆದರೆ ಅವರು ಕರೆಯದೆ ಇದ್ದದ್ದು ಅದಕ್ಕಲ್ಲ. ಅವರಲ್ಲಿ ಒಬ್ಬಳು ನಮ್ಮ ಬಾಗಿಲ ಮುಂದೆ ಮೂಗಿಗೆ ಸೆರಗು ಹಿಡಿದುಕೊಂಡಳು. ಅತ್ತೆ ಅದನ್ನು ನೋಡಿ ಒಳಗೆ ಎದ್ದು ಹೋದರು. ಬೈದಿದ್ದರೆ ವಾಸಿ ಇತ್ತು.

ಹಬ್ಬ ಕಳೆದ ಎರಡು ಮೂರು ದಿನಕ್ಕೇ ಇರಬೇಕು. ಒಲೆಯ ಮೇಲೆ ಹುರುಳಿಕಾಳಿನ ಸಾರು ಇಟ್ಟು ಪಕ್ಕದಲ್ಲೇ ಕೂತಿದ್ದೆ. ಅತ್ತೆ ಹೊರಗಿನಿಂದ ಓಡಿ ಬಂದರು.

"ಸೀದು ಕರಕಾಗ್ತಾ ಇದೆ, ಪಕ್ಕದಲ್ಲಿ ಗೊಂಬೆ ಹಂಗೆ ಕೂತಿದೀಯಲ್ಲೇ."

ಪಾತ್ರೆಯಿಂದ ಕಪ್ಪು ಹೊಗೆ ಏಳುತ್ತಿತ್ತು. ಕಣ್ಣಿಗೆ ಕಂಡಿತು. ಮೂಗಿಗೆ ಏನೂ ಬರಲಿಲ್ಲ.

ಎದ್ದು ಹೋಗಿ ಸೀಮೆಎಣ್ಣೆ ಡಬ್ಬ ಮೂಸಿದೆ. ನೀರು ಮೂಸಿದ ಹಾಗಿತ್ತು. ದೇವರ ಗೂಡಿನ ಕರ್ಪೂರ ಮೂಸಿದೆ. ಕಲ್ಲು. ಮಗುವಿನ ತಲೆ ಮೂಸಿದೆ. ಅದೂ ಇಲ್ಲ. ಮಾರನೇ ದಿನ ಕೋಣೆಯಲ್ಲಿ ಒಂದೊಂದೇ ಶೀಶೆ ತೆರೆದು ನೋಡಿದೆ. ಎಲ್ಲವೂ ಒಂದೇ, ಎಲ್ಲವೂ ಖಾಲಿ. ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು ಕೂತ ಹಾಗೆ ಆಯಿತು. ಆ ಕೋಣೆ ಮೂಗನ್ನು ತಿನ್ನುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಸಂಜೆಯೊಳಗೆ ಮನೆಗೆ. ದಸರಾ ಹತ್ತಿರ ಇತ್ತು, ಕೇದಗೆಯ ಹೊಸ ಡಬ್ಬ ಆವತ್ತೇ ಒಡೆದಿದ್ದರು. ಅಳತೆ ಹಿಡಿದು ಅಂದಾಜಿನಲ್ಲಿ ಬೆರೆಸಿದೆ.

ಆ ಸಂಜೆ ಅಜ್ಜಿಯ ಮನೆ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದೆ. ಮಾತಾಡುವ ಮನಸ್ಸಿರಲಿಲ್ಲ. ಅಜ್ಜಿಯೇ ಅಂದಳು, "ಇವತ್ತು ಕೇದಗೆ ಹೆಚ್ಚಾಯ್ತು ಕಣವ್ವ. ತಲೆ ಹಿಡಿತೈತೆ."

ಕಾಲು ನಿಂತಿತು. "ಏನಂದ್ರಿ?"

"ಡಬ್ಬ ಹೊಸದೇನೋ. ಗಡುಸು. ಗಂಧ ಸತ್ತೇ ಹೋಗೈತೆ ಅದರ ಕೆಳಗೆ."

"ಡಬ್ಬ ಹೊಸದು ಅಂತ ನಿಮಗೆ ಹೇಗೆ ಗೊತ್ತು?"

"ವರ್ಷಗಟ್ಲೆ ಇದೇ ಅಲ್ವಾ ನನ್ನ ಕೆಲಸ?" ಅಜ್ಜಿ ಹೊಸಲಿನ ಮೇಲೆ ಸರಿದು ಕೂತಳು. "ಅವಳಿಗೂ ಮೂಗು ಹೋಗಿತ್ತಲ್ಲ. ಹೋಗಿ ಯಾವ ಕಾಲ ಆಗಿತ್ತು. ದಿನಾ ಬಂದು ಸೆರಗು ಹಿಂಗೆ ಮುಂದೆ ಹಿಡಿಯೋಳು. ನಾನು ಹೇಳೋಳು. ಮಾರನೇ ದಿನ ಸರಿ ಮಾಡೋಳು. ನಿಮ್ಮ ಅಮ್ಮಾವ್ರಿಗೆ ತಿಳೀದು, ನನ್ನ ಮಗನಿಗೂ ತಿಳೀದು. ನಿನ್ನದು ಯಾವಾಗ ಹೋಯ್ತು?"

"ನಿನ್ನೆ."

"ಬೇಗ ಹೋಯ್ತು. ಹಿಡಿ ಸೆರಗ."

ಸೆರಗು ಹಿಡಿದೆ. ಅಜ್ಜಿ ಅದನ್ನು ಮುಖಕ್ಕೆ ಒತ್ತಿಕೊಂಡು ಮೂಸಿದಳು, ಹಸು ಕರುವನ್ನು ಮೂಸುವ ಹಾಗೆ. ಕೇದಗೆ ಇಷ್ಟು ತೆಗೆ, ಗಂಧ ಮೇಲೆ ಬರಲಿ, ಆ ಚಿಕ್ಕ ಶೀಶೆಯದು ಒಂದೇ ತೊಟ್ಟು ಅಂದಳು. ಆ ಕೋಣೆಯನ್ನು ಅವಳು ಒಂದು ದಿನವೂ ನೋಡಿದವಳಲ್ಲ. ಶೀಶೆಗಳು ಎಲ್ಲೆಲ್ಲಿ ಇವೆ ಅಂತ ಹೇಳಿದಳು.

ನಾಚಿಕೆ ಆಗಲಿಲ್ಲವೇ ಅಂತ ಮೊಮ್ಮಗಳು ಇದನ್ನು ಓದಿ ಕೇಳಿದಳು. ಇಲ್ಲ. ಕಣ್ಣು ಮಂದವಾದವರು ಕನ್ನಡಕ ಹಾಕುವುದಿಲ್ಲವೇ?

ಹೀಗೆ ಶುರುವಾಯಿತು. ಹಗಲು ಬೆರೆಸುತ್ತಿದ್ದೆ, ಸಂಜೆ ಸೆರಗು ಹಿಡಿಯುತ್ತಿದ್ದೆ. ಇನ್ನೊಂದು ಮಾತು ಮಾತ್ರ ದಿನಾ ನನ್ನ ಮನಸ್ಸು ಕೆರೆಯುತ್ತಿತ್ತು. ನಾನು ಹೊರಟಾಗಲೆಲ್ಲ ಅಜ್ಜಿ, "ನಡಿ ಇನ್ನ, ಅವಳು ಬರೋ ಹೊತ್ತಾಯ್ತು," ಅನ್ನುತ್ತಿದ್ದಳು. ವಯಸ್ಸಾದವರ ಮಾತು, ನನ್ನ ವಾಸನೆಯೇ ಹಿಂದೆ ಉಳಿದು ಬರುವುದು ಅಂದುಕೊಂಡಿದ್ದೆ. ಒಂದು ಸೋಮವಾರ ಅದನ್ನೇ ಅವಳಿಗೆ ತಿಳಿಸಿ ಹೇಳಲು ಹೋದೆ.

"ಅಜ್ಜಿ, ಬರೋದು ನಿಮ್ಮ ಸೊಸೆ ಅಲ್ಲ. ನಾನು ಹೋದ್ಮೇಲೆ ನನ್ನ ಸೀರೆ ವಾಸನೆ ಗಾಳೀಲಿ ಇರುತ್ತಲ್ಲ, ಅದು."

"ನಿನ್ನೆ ನೀನು ಬಂದಿದ್ಯಾ?"

"ನಿನ್ನೆ ಭಾನುವಾರ. ಶೆಡ್ಡು ರಜ."

"ಅವಳು ಬಂದಿದ್ಲು."

ಅಜ್ಜಿ ಕಾಲು ನೀವಿಕೊಳ್ಳುತ್ತಾ, "ಸತ್ತೋರಿಗೆ ಯಾರು ರಜ ಕೊಡ್ತಾರೆ?" ಅಂದು ತನ್ನ ಮಾತಿಗೆ ತಾನೇ ನಕ್ಕಳು.

"ನಿಮ್ಮ ಕಡೆ ಹಂಗೆಲ್ಲ ಇಲ್ಲ ಅಂತಾರಲ್ಲ. ಲಿಂಗೈಕ್ಯ ಆದ್ರೆ ಆಯ್ತು ಅಂತ."

"ಅಯ್ಯನೋರು ಹಂಗೇ ಹೇಳ್ತಾರೆ. ಅಯ್ಯನೋರಿಗೆ ಮೂಗಿಲ್ಲ."

"ಯಾಕೆ ಬರ್ತಾರೆ?"

"ಇನ್ಯಾಕೆ? ಸೆರಗು ಹಿಡಿಯಾಕೆ. ಇವತ್ತಿಂದು ಸರಿ ಆಯ್ತಾ ಇಲ್ವಾ ಅಂತ ಕೇಳಾಕೆ. ಕೆಲಸದೋಳು ಕಣವ್ವ ಅವಳು. ನಿನ್ನದು ಬೇರೆ, ಅವಳದು ಬೇರೆ, ಎರಡೂ ನಂಗೆ ಗೊತ್ತಾಗ್ತವೆ. ಅವಳದ್ರಲ್ಲಿ ಕೇದಗೆ ಎಲೆ ಮುರಿದಂಗಿರ್ತೈತೆ. ನಿಂದ್ರಲ್ಲಿ ಇನ್ನೂ ಡಬ್ಬ ಐತೆ."

ಆ ದಿನ ಮನೆಗೆ ಹೋಗುವಾಗ ಹಿಂದೆ ನೋಡಲಿಲ್ಲ. ನೋಡಿ ಏನು? ನನ್ನ ಹತ್ತಿರ ಅದನ್ನು ಹಿಡಿಯುವ ಮೂಗೇ ಇರಲಿಲ್ಲ. ಪಕ್ಕದಲ್ಲೇ ನಡೆದು ಬಂದರೂ ನನಗೆ ಗೊತ್ತಾಗುವ ಹಾಗಿರಲಿಲ್ಲ. ಭಯ ಅಂತ ಆದದ್ದು ಅದಕ್ಕೆ, ಅವಳಿಗಲ್ಲ.

ಪೇಟೆಯವರು ಬರುವ ದಿನ ಹತ್ತಿರವಾಯಿತು. ಅಜ್ಜಿ ದಿನಾ ಒಂದೇ ಮಾತು ಹೇಳುತ್ತಿದ್ದಳು, ಇನ್ನೂ ಡಬ್ಬ ಐತೆ, ಇನ್ನೂ ಡಬ್ಬ ಐತೆ. ನಾನು ತೊಟ್ಟು ಕಡಿಮೆ ಮಾಡಿದೆ, ತೊಟ್ಟು ಹೆಚ್ಚು ಮಾಡಿದೆ. ಒಂದು ಮಧ್ಯಾಹ್ನ ಏನೂ ತೋಚದೆ ಗೋಡೆಯ ಗುರುತಿಗೆ ಒರಗಿ ಕಣ್ಣು ಮುಚ್ಚಿಕೊಂಡು ಕೂತೆ. ನಿದ್ದೆ ಬಂತೋ ಇಲ್ಲವೋ ಹೇಳಲಾರೆ. ಕಣ್ಣು ತೆರೆದಾಗ ತೊಟ್ಟಿಯ ಎಣ್ಣೆ ಬೆರೆತಿತ್ತು, ಅದ್ದಿದ ಕಡ್ಡಿಯ ಕಟ್ಟು ಜರಡಿಯ ಮೇಲೆ ಸೋರುತ್ತಿತ್ತು. ನನ್ನ ಕೈ ಒದ್ದೆಯಾಗಿತ್ತು. ಅದಷ್ಟು ನಿಜ. ಮಾಡಿದ್ದು ನೆನಪಿಲ್ಲ.

ಆ ಸಂಜೆ ಅಜ್ಜಿ ಸೆರಗು ಮೂಸಿದಳು, ಕೆಳಗಿಳಿಸಿ ಮತ್ತೆ ಮೂಸಿದಳು.

"ಏನಾಯ್ತು? ಕೆಟ್ಟಿತಾ?"

"ಇಲ್ಲ. ಯಾವುದು ನೀನು, ಯಾವುದು ಅವಳು ಅಂತ ತಿಳೀತಿಲ್ಲ," ಅಂದಳು. ಸೆರಗು ಬಿಡಲು ಅವಳ ಕೈಗೆ ಮನಸ್ಸಿರಲಿಲ್ಲ. ನಾನೇ ಮೆಲ್ಲಗೆ ಬಿಡಿಸಿಕೊಂಡೆ.

ಪೇಟೆಯ ವರ್ತಕರು ಬಂದರು. ದಪ್ಪಗಿನ ಗಂಡಸು, ಬಿಳೀ ಪಂಚೆ. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ನನಗೆ ನೆನಪಿಲ್ಲದ ಆ ಮಧ್ಯಾಹ್ನದ ಕಟ್ಟಿನಿಂದಲೇ ಒಂದು ಕಡ್ಡಿ ಹಚ್ಚಿಸಿ ಕಣ್ಣು ಮುಚ್ಚಿಕೊಂಡರು. ನಾನು ಕೋಣೆಯ ಬಾಗಿಲ ಮರೆಯಲ್ಲಿ ನಿಂತಿದ್ದೆ. ಹೊಗೆ ಏಳುವುದು ಕಾಣುತ್ತಿತ್ತು. ಸಾಲಿನ ಹೆಂಗಸರು ಹೊಸೆಯುವುದು ನಿಲ್ಲಿಸಿದ್ದರು. ಪಕ್ಕದ ಮಣೆಯವಳು ಕೋಣೆಯ ಕಡೆ ನೋಡಿದಳು. ನನ್ನನ್ನಲ್ಲ, ನನ್ನ ಪಕ್ಕಕ್ಕೆ.

"ಇದೇ," ಅಂದರು ವರ್ತಕರು. "ಬೇರೆ ಯಾರೋ ಮಾಡ್ತಾ ಇದಾರೆ ಅಂತ ಯಾರೋ ಹೇಳಿದ್ರಲ್ಲ? ಅದೇ ಹೆಂಗಸು ತಾನೆ?"

ಅಮ್ಮಾವ್ರು ಒಂದು ಗಳಿಗೆ ನನ್ನ ಕಡೆ ನೋಡಿದರು.

"ಹೂಂ. ಅದೇ ಹೆಂಗಸು," ಅಂದರು.

ನಾನು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತೆ.

ಆಯುಧಪೂಜೆಯ ದಿನ ಮಣೆಗಳಿಗೆ, ತಕ್ಕಡಿಗೆ, ತೊಟ್ಟಿಗೆ ಎಲ್ಲಕ್ಕೂ ಸೇವಂತಿಗೆ ಹಾಕಿದರು. ಹೆಂಗಸರೆಲ್ಲ ಮುಡಿದಿದ್ದರು. ಹೂವಿಲ್ಲದೆ ಇದ್ದವಳು ನಾನೊಬ್ಬಳೇ. ಬೂದುಗುಂಬಳ ಒಡೆದಾದ ಮೇಲೆ ಅಮ್ಮಾವ್ರು ಎಲ್ಲರ ಮುಂದೆ ಸೆಂಟು ರೂಮಿನ ಬೀಗದ ಕೈ ನನ್ನ ಕೈಗೆ ಕೊಟ್ಟು, "ಇನ್ಮೇಲೆ ಖಾಯಂ," ಅಂದರು. ಪ್ರಸಾದ ಹಂಚುವಾಗ ನನ್ನ ಎರಡೂ ಪಕ್ಕ ಒಬ್ಬೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

ಸಂಜೆ ಅಜ್ಜಿಗೆ ಹೇಳಲು ಹೋದೆ. ಅವಳು ಹೊಸಲಿನಿಂದ ಒಳಗೆ ಸರಿದು ಗೋಡೆಗೆ ಒರಗಿ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತು, "ಖಾಯಂ ಆಯ್ತು ಅಜ್ಜಿ," ಅಂದೆ.

"ಆಗ್ಲೇಬೇಕಿತ್ತು. ಇಬ್ಬರೂ ಬಾಗಿಲಿಗೆ ಅಡ್ಡ ನಿಂತ್ರೆ ನಂಗೆ ಗಾಳಿ ಬರಾಕಿಲ್ಲ. ಒಬ್ಬಳು ಸರಿದು ನಿಂತ್ಕಳ್ಳಿ."

ನಾನು ಸರಿದೆ.

"ಹ್ಞಾ," ಅಂದಳು ಅಜ್ಜಿ.

ಚಳಿ ಶುರುವಾದಾಗ ಅವಳ ಮಗ ಮನೆ ಖಾಲಿ ಮಾಡಿ ಅಜ್ಜಿಯನ್ನು ತುಮಕೂರಿನ ಕಡೆ ಅವರ ಊರಿಗೆ ಕರೆದುಕೊಂಡು ಹೊರಟ. ಲಾರಿಗೆ ಸಾಮಾನು ಹೇರುತ್ತಿದ್ದರು. ಅಜ್ಜಿ ನನ್ನ ಸೆರಗು ಹಿಡಿದು ಕಡೇ ಸಲ ಮೂಸಿದಳು. ನನಗೆ ನನ್ನ ಚಿಂತೆ, ಇನ್ನು ಯಾರ ಮೂಗು ಅಂತ. ಅವಳಿಗೆ ಬೇರೆ ಚಿಂತೆ.

"ನಾನು ಹೋದ್ರೆ ಅವಳು ಸಂಜೆ ಬಂದು ಯಾರನ್ನ ಕೇಳ್ಬೇಕು? ಬಾಗಿಲು ಹಾಕಿರ್ತೈತೆ."

ನಾನು ಆ ಬಾಗಿಲ ಕಡೆ ನೋಡಿದೆ.

"ಇರ್ಲಿ. ನಿನ್ನ ದಾರಿ ಅವಳಿಗೆ ಗೊತ್ತೈತೆ," ಅಂದಳು.

ಅಂದೇ ರಾತ್ರಿ ಊಟಕ್ಕೆ ಕೂತಾಗ ಅತ್ತೆಗೆ ಎಲ್ಲ ಹೇಳಿದೆ. ಮೂಗು ಹೋದದ್ದು, ಅಜ್ಜಿ ಮೂಸಿದ್ದು, ಇನ್ನು ಮೂಸುವವರು ಇಲ್ಲದಿದ್ದರೆ ಸ್ಟೂಲು ಹೋಗುತ್ತದೆ ಅನ್ನುವುದು. ಸತ್ತವಳ ವಿಷಯ ಹೇಳಲಿಲ್ಲ. ಅತ್ತೆ ಮುದ್ದೆ ನುಂಗಿ ನೀರು ಕುಡಿದು, "ಆ ಮುದುಕಿಗೆ ಇರೋ ಮೂಗು ನನಗಿಲ್ವಾ?" ಅಂದರು. ಮಾರನೇ ಸಂಜೆ ನಾನು ಬರುವಾಗ ಬಾಗಿಲಲ್ಲಿ ಕೂತಿದ್ದರು. ನನ್ನ ಸೆರಗು ಎಳೆದುಕೊಂಡು ಮೂಸಿ, "ಮಲ್ಲಿಗೆ ನೀರು ನೀರಾಗಿದೆ. ಇದಕ್ಕೂ ಸಂಬಳ ಕೊಡ್ತಾರಾ?" ಅಂದರು. ಅವರ ಮೂಗು ಚೆನ್ನಾಗಿತ್ತು. ಬಾಯಿಯಷ್ಟೇ ಚೆನ್ನಾಗಿತ್ತು.

ಹೀಗೆ ನಾನು ಆ ಸ್ಟೂಲಿನ ಮೇಲೆ ಕೂದಲು ಬೆಳ್ಳಗಾಗುವವರೆಗೆ ಕೂತೆ. ಮಕ್ಕಳು ಓದಿದರು. ಮಳೆಗಾಲಕ್ಕೆ ಹೆದರುವುದು ನಿಂತಿತು.

ಒಂದು ಮಾತು ಬಿಟ್ಟಿದ್ದೆ. ಅತ್ತೆ ಬಾಗಿಲಲ್ಲಿ ಕೂರತೊಡಗಿದ ಮೊದಲ ವಾರದ ಭಾನುವಾರ. ಶೆಡ್ಡು ರಜ. ಬೆಳಿಗ್ಗೆಯೇ ಸೀಗೆಪುಡಿ ಹಾಕಿ ಮೈ ತೊಳೆದಿದ್ದೆ, ಒಗೆದ ಸೀರೆ ಉಟ್ಟಿದ್ದೆ. ಸಂಜೆ ಒಳಗೆ ಒಲೆಯ ಮುಂದೆ ಕೂತು ಸೊಪ್ಪು ಬಿಡಿಸುತ್ತಿದ್ದೆ. ಅತ್ತೆ ಹೊಸಲಿನ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತಿದ್ದರು. ದೀಪ ಹಚ್ಚುವ ಹೊತ್ತು.

"ಬಂದ್ಯಾ?" ಅಂದರು ಅತ್ತೆ.

"ನಾನು ಒಳಗೇ ಇದೀನಲ್ಲ ಅತ್ತೆ," ಅಂದೆ.

"ಗೊತ್ತು," ಅಂದರು, ಬೀದಿಯಿಂದ ಮುಖ ತಿರುಗಿಸದೆ. "ನಿನ್ನನ್ನಲ್ಲ ಕೇಳಿದ್ದು."